ದಿನದ ಕುಬಸ

ಹಾಲವ್ವ ರೊಟ್ಟಿ ಬಡಿಯಲು ಕೂತರೆ ಮುಂಬೈಯ ವಡಾಲದ ಆ ಗಲ್ಲಿಗೆ ಗಡಿಯಾರ ಬೇಕಿಲ್ಲ. ನಸುಕಿನಲ್ಲಿ ಪಟಪಟ ಶುರುವಾಯಿತೆಂದರೆ ನಾಲ್ಕೂವರೆ. ಪಕ್ಕದ ಹಳಿಯ ಮೇಲೆ ಲೋಕಲ್‌ಗಳು ಕಿಕ್ಕಿರಿದು ಓಡುವ ಹೊತ್ತಿಗೆ ನೂರಾ ಇಪ್ಪತ್ತು ಜೋಳದ ರೊಟ್ಟಿ ಬುಟ್ಟಿಯಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಪುಂಡಿ ಪಲ್ಯ, ಕಾಳಿನ ಪಲ್ಯ, ಶೇಂಗಾ ಹಿಂಡಿ ಜೊತೆಗೆ. ಕೂಲಿಗೆ ಹೊರಡುವ ನಲವತ್ತು ಮಂದಿ ಬಾಗಿಲಲ್ಲಿ ಸಾಲು ನಿಂತು ಬುತ್ತಿ ಒಯ್ಯುತ್ತಾರೆ. ಯಾರಾದರೂ "ಯಕ್ಕಾ, ಇವತ್ತ ಬ್ಯಾಡ, ಅಲ್ಲೇ ವಡಾಪಾವ್ ತಿಂತೀನಿ" ಅಂದರೋ, ಅವನ ಕಥೆ ಮುಗಿಯಿತು. "ತಿನ್ನು, ತಿನ್ನು! ಆ ಮೈದಾ ಹೊಟ್ಟ್ಯಾಗ ಸಿಮೆಂಟ್ ಆಗಿ ಕುಂದರ್ತದ, ನಾಳೆ ನಿನ್ನ ಹೊಟ್ಟೀಗೆ ಪ್ಲಾಸ್ಟರ್ ಮಾಡ್ಲಾಕ ನೀನೇ ಬರಬೇಕು" ಎಂದು ಬುತ್ತಿಯನ್ನು ಕೈಗೆ ತುರುಕಿಯೇ ಕಳಿಸುವಳು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ. ಹಾಲವ್ವ ಬಲ್ಲದ್ದು ಮೊದಲರ್ಧ ಮಾತ್ರ. ಎರಡನೆಯ ಅರ್ಧ ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ಹೋದವರು ಬೈಸಿಕೊಂಡು ಬಂದಿದ್ದರು.

ಇಪ್ಪತ್ತೆಂಟು ವರ್ಷಗಳ ಹಿಂದೆ ಶಹಾಪುರದ ಕಡೆಯ ಹಳ್ಳಿಯಿಂದ ಗಂಡ ರಾಮಪ್ಪನ ಜೊತೆ ರೈಲು ಹತ್ತಿದಾಗ ಮಗ ಶರಣು ಆಕೆಯ ಬಗಲಲ್ಲಿದ್ದ. ಚೆಂಬೂರಿನಿಂದ ದಾದರಿನ ತನಕ ಎಷ್ಟು ಬಿಲ್ಡಿಂಗಿಗೆ ಉಸುಕು ಹೊತ್ತಳೋ ಆಕೆಗೇ ನೆನಪಿಲ್ಲ. ಮೊಣಕಾಲು ಹೋದ ಮೇಲೆ ಹಂಚು ಹಿಡಿದಳು. ರಾಮಪ್ಪ ಈಗ ಒಂದು ಬಿಲ್ಡಿಂಗಿನ ವಾಚ್‌ಮನ್, ಶರಣು ನೆಲಕ್ಕೆ ಫರಸಿ ಕೂಡಿಸುವ ಕಾರಾಗೀರ. ಗಲ್ಲಿಯಲ್ಲಿ ಮುಕ್ಕಾಲು ಪಾಲು ಅದೇ ಊರಿನವರು. ಮುಂಬೈಗೆ ಬಂದು ಎಷ್ಟು ವರ್ಷವಾದರೇನು, ಊರಿನ ಬಾಯಿರುಚಿ, ಊರಿನ ಹಟ, ಊರಿನ ಕಟ್ಟುಕಟ್ಟಳೆ ಎಲ್ಲವೂ ಅವರ ಜೊತೆಗೇ ಟಿಕೆಟ್ಟಿಲ್ಲದೆ ರೈಲು ಹತ್ತಿ ಬಂದಿದ್ದವು.

ಇಂಥ ಮನೆಯಲ್ಲಿ ಸೊಸೆ ಸಪ್ನಾಳಿಗೆ ಐದು ತಿಂಗಳು ತುಂಬಿತು. ಅದೇ ವಾರ ಸರಕಾರಿ ಹೆಲ್ತ್ ಪೋಸ್ಟಿನ ಕಾರ್ಯಕರ್ತೆ ವೈಶಾಲಿ ಬೆರಳು ಚುಚ್ಚಿ ರಕ್ತ ನೋಡುವ ಡಬ್ಬಿ ಹಿಡಿದು ಗಲ್ಲಿಗೆ ಬಂದಳು. ವೈಶಾಲಿ ಮರಾಠಿ ಹುಡುಗಿ. ಈ ಗಲ್ಲಿಯಲ್ಲಿ ಐದು ವರ್ಷ ತಿರುಗಿ ತಿರುಗಿ ಮುರುಕು ಕನ್ನಡ ಕಲಿತಿದ್ದಳು. ಗಲ್ಲಿಯ ಮೂವರು ಬಸುರಿಯರನ್ನೂ ಹಾಲವ್ವನ ಕಟ್ಟೆಯ ಮೇಲೆಯೇ ಕೂಡಿಸಿಕೊಂಡಳು. ಹೆಂಗಸರೆಲ್ಲ ನೆರೆದಿದ್ದರು.

"ನನ್ನ ಸೊಸೀದು ನೋಡೋದೇ ಬ್ಯಾಡ," ಹಾಲವ್ವ ಸೆರಗು ಸರಿಮಾಡಿಕೊಂಡು ಹೇಳಿದಳು. "ರೊಟ್ಟಿ ಮನಿ ಇದು. ಇಲ್ಲಿ ಬೆಕ್ಕಿಗೂ ರಕ್ತ ಕಮ್ಮಿ ಇಲ್ಲ."

ವೈಶಾಲಿ ನಕ್ಕು ಸಪ್ನಾಳ ಬೆರಳು ಚುಚ್ಚಿದಳು. ಡಬ್ಬಿಯ ಅಂಕಿ ನೋಡಿದ ಮೇಲೆ ನಗು ನಿಂತಿತು. ಇನ್ನೊಂದು ಬೆರಳು ಚುಚ್ಚಿದಳು. ಅದೇ ಅಂಕಿ.

"ಮಾವಶಿ, ಹಿಮೋಗ್ಲೋಬಿನ್ ಏಳು ಪಾಯಿಂಟ್ ನಾಲ್ಕು. ಹನ್ನೊಂದು ಪಾಹಿಜೆ, ಹನ್ನೊಂದಾದರೂ ಬೇಕು. ಮೂರು ಜನರಲ್ಲಿ ಸಬ್ ಸೆ ಕಮ್ಮಿ ಇವಳದೇ."

ಗಲ್ಲಿಯ ಹೆಂಗಸರು ಹಾಲವ್ವನ ಮುಂದೆ ನಗುವಷ್ಟು ಧೈರ್ಯದವರಲ್ಲ, ಆದರೆ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ಹಾಲವ್ವ ನೋಡಿಯೇ ನೋಡಿದಳು. ದೀಪದ ಬುಡದಲ್ಲಿ ಕತ್ತಲೆ ಅಂತ ಆ ಸೆರಗಿನ ಹಿಂದೆ ಹೇಳಿಯೂ ಇರಬೇಕು. ಹಾಲವ್ವ ಮಷೀನು ಕೆಟ್ಟದ್ದು ಅಂದಳು, ಸೂಜಿ ಹಳೆಯದು ಅಂದಳು. ವೈಶಾಲಿ ಡಬ್ಬಿ ಮುಚ್ಚುತ್ತ, "ನಿಮ್ಮದೂ ನೋಡ್ತೇನೆ, ಬೆರಳು ಕೊಡಿ ಮಾವಶಿ" ಅಂದಾಗ ಸಿಡುಕಿದಳು: "ನಂದ್ಯಾಕ? ನಾನೇನು ಹಡಿಯಾಕಿನಾ?"

ಮರುದಿನ ದವಾಖಾನೆಯ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಹೆರಿಗೆಯಲ್ಲಿ ಎಂಥವರಿಗೂ ರಕ್ತ ಹೋಗುತ್ತದೆ. ಮೈಯಲ್ಲಿ ರಕ್ತವಿದ್ದವಳು ತಡೆದುಕೊಳ್ಳುತ್ತಾಳೆ, ಇಲ್ಲದವಳು ತಡೆದುಕೊಳ್ಳುವುದಿಲ್ಲ. ಒಂಬತ್ತು ತುಂಬುವುದರೊಳಗೆ ಹತ್ತು ದಾಟಬೇಕು. ರಕ್ತ ಏರುವ ಗುಳಿಗೆ ತಪ್ಪಬಾರದು, ಊಟ ತಪ್ಪಬಾರದು. ಒಂದು ತಿಂಗಳಲ್ಲಿ ಏರದಿದ್ದರೆ ಸಲಾಯಿನ್ ಹಚ್ಚಬೇಕಾಗುತ್ತದೆ.

ಬಸ್ಸಿನಲ್ಲಿ ಬರುವಾಗ ಹಾಲವ್ವನಿಗೆ ಸತ್ತ ಅಕ್ಕನ ನೆನಪು ಬಂತು. ಹಾಲವ್ವನಿಗೆ ಆಗ ಹದಿನೇಳು. ಅಕ್ಕ ಊರಲ್ಲಿ ಎರಡನೆಯ ಕೂಸು ಹಡೆದು ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದಳು. ಕೌದಿ ಎಲ್ಲ ರಕ್ತ. ಹಣೆಬರಹ ಅಂದರು ಊರವರು, ಹಾಲವ್ವನೂ ಮೂವತ್ತೈದು ವರ್ಷ ಅದನ್ನೇ ನಂಬಿದ್ದಳು. ಈಗ ಪಕ್ಕದ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದ ಸಪ್ನಾಳ ಉಗುರು ನೋಡಿದಳು. ಅಕ್ಕನ ಉಗುರೂ ಹೀಗೇ ಬೆಳ್ಳಗಿದ್ದವು.

ಮರುದಿನ ಹಾಲವ್ವ ಬಾಯಿ ಮುಚ್ಚಿಕೊಂಡು ಸೊಸೆಯನ್ನು ನೋಡಿದಳು. ಹಾಲವ್ವ ಇಡೀ ದಿನ ಬಾಯಿ ಮುಚ್ಚಿದ್ದು ಗಲ್ಲಿಯ ಚರಿತ್ರೆಯಲ್ಲೇ ಮೊದಲು; ರಾಮಪ್ಪ ಹೆದರಿ ಆಕೆಯ ಹಣೆ ಮುಟ್ಟಿ ನೋಡಿದ.

ನಾಲ್ಕೂವರೆಗೆ ಎದ್ದು ಸಪ್ನಾ ಹಿಟ್ಟು ನಾದಿದಳು. ರೊಟ್ಟಿಯೆಲ್ಲ ಬುತ್ತಿಗೆ ಹೋದವು. ಮುರಿದ ಎರಡು ಉಳಿದಿದ್ದವು, ಅವನ್ನು ಶರಣು ಮೊಸರಲ್ಲಿ ಕಲಸಿಕೊಂಡು ತಿಂದ. ಸಪ್ನಾ ಒಂದು ಕಪ್ ಚಾ ಮಾಡಿಕೊಂಡು ಪಾವ್ ಅದ್ದಿ ತಿಂದಳು. ಆಮೇಲೆ ಅದೇ ಚಾದಲ್ಲಿ, ಹಾಲವ್ವ ಕಣ್ಣಾರೆ ನೋಡಿದಳು, ದವಾಖಾನೆಯ ಗುಳಿಗೆ ನುಂಗಿದಳು. ಎಂಟಕ್ಕೆ ದಾದರಿನ ಎರಡು ಮನೆಗಳ ಅಡುಗೆ ಕೆಲಸಕ್ಕೆ ಹೊರಟಳು. ಅಲ್ಲಿ ಏನು ತಿಂದೆ ಎಂದು ಸಂಜೆ ಕೇಳಿದರೆ, "ಚಾ ಕೊಟ್ರು, ಎರಡು ಬಿಸ್ಕೀಟ್ ಕೊಟ್ರು" ಅಂದಳು. ಸಂಜೆಯ ಊಟಕ್ಕೆ ರಾಮಪ್ಪ ಉಂಡ, ಶರಣು ಉಂಡ. ಕಡೆಗೆ ಪಾತ್ರೆಯ ತಳದಲ್ಲಿ ಒಂದು ಹಿಡಿ ಅನ್ನ, ತಿಳಿ ಸಾರು. ಬೋಗುಣಿಯಲ್ಲಿ ನುಗ್ಗೆ ಸೊಪ್ಪಿನ ಪಲ್ಯವಿತ್ತು, ಸಪ್ನಾ ಮುಟ್ಟಲಿಲ್ಲ.

"ಅದ್ಯಾಕ ಬಿಟ್ಟಿ?"

"ಮೈಗೆ ಕಾವು ಅಂತ ನೀವೇ ಬ್ಯಾಡ ಅಂದೀರಲ್ಲರಿ ಅತ್ತಿ. ಎಳ್ಳೂ ಬ್ಯಾಡ, ನುಗ್ಗೀನೂ ಬ್ಯಾಡ, ಭಾಳ ಉಂಡ್ರ ಕೂಸು ದೊಡ್ಡದಾಗಿ ಹಡಿಯಾಕ ತ್ರಾಸ ಆಗ್ತದ ಅಂತ."

ಅಂದದ್ದು ಖರೆ. ತನ್ನ ಅತ್ತೆ ತನಗೆ ಅಂದದ್ದನ್ನು ಹಾಲವ್ವ ಒಂದಕ್ಷರ ಬಿಡದೆ ಸೊಸೆಗೆ ಒಪ್ಪಿಸಿದ್ದಳು.

"ಅದಿರ್ಲಿ, ಗಂಡಸರ ಜೋಡಿನೇ ಬಿಸೀದು ಉಣ್ಣಬೇಕಿಲ್ಲೋ. ಕಡೀಕ್ಯಾಕ ಉಳದಿ?"

ಸಪ್ನಾ ತಲೆ ಎತ್ತಲಿಲ್ಲ. "ನೀವೂ ಕಡೀಕೇ ಉಣ್ತೀರಿ. ನಿಮ್ಮಕಿಂತ ಮದ್ಲ ನಾ ಹೆಂಗ ಉಣ್ಲಿರಿ?"

ಹಾಲವ್ವ ನುಗ್ಗೆ ಪಲ್ಯದ ಬೋಗುಣಿಯನ್ನು ಸೊಸೆಯ ಮುಂದೆ ಸರಿಸಿದಳು. ನಲವತ್ತು ಮಂದಿ ಕೂಲಿಗಳ ಹೊಟ್ಟೆ ತುಂಬಿಸಿ ಮೀಸೆ ತಿರುವಿದ ತನ್ನ ಮನೆಯಲ್ಲಿ, ಎರಡು ಜೀವದ ಹುಡುಗಿ ಪಾವ್ ಮತ್ತು ಚಾದ ಮೇಲೆ ದಿನ ದೂಡುತ್ತಿದ್ದಳು. ನಾಚಿಕೆಯಿಂದ ಹಾಲವ್ವನ ಕಿವಿ ಸುಟ್ಟವು.

ಬೆಳಗ್ಗೆ ವೈಶಾಲಿಯನ್ನು ಕರೆಸಿ ಗುಳಿಗೆಯ ವಿಚಾರ ಕೇಳಿದಳು. ವೈಶಾಲಿ ತಲೆ ಚಚ್ಚಿಕೊಂಡಳು. "ಅಯ್ಯೋ, ಚಾದ ಜೊತೆ ತಗೊಂಡರೆ ಗುಳಗಿ ಮೈಗೆ ಹತ್ತೋದೇ ಇಲ್ಲ! ನೀರಲ್ಲಿ ನುಂಗಬೇಕು, ಮೇಲೆ ನಿಂಬು ಪಾಣಿ. ಚಾ ಎರಡು ತಾಸು ಆದಮೇಲೆ." ಮಿಕ್ಕ ಇಬ್ಬರು ಬಸುರಿಯರನ್ನು ಕೇಳಿದರೆ ಅವರೂ ಚಾದಲ್ಲೇ ನುಂಗುತ್ತಿದ್ದರು. ಟ್ಯಾಂಕರಿನ ನೀರಿಗೆ ವಾಸನೆ, ಚಾ ಆದರೆ ಕುದಿಸಿದ್ದು, ಅಲ್ಲದೆ ಗುಳಿಗೆಯ ಒಗರು ಬಾಯಲ್ಲಿ ಉಳಿಯುವುದಿಲ್ಲ ಅಂತ ಅವರ ಲೆಕ್ಕ. ಇಡೀ ಗಲ್ಲಿಯೇ ಅಷ್ಟು ಅಚ್ಚುಕಟ್ಟಾಗಿ ಔಷಧವನ್ನು ನೀರುಪಾಲು, ಅಲ್ಲಲ್ಲ, ಚಾ ಪಾಲು ಮಾಡುತ್ತಿತ್ತು.

ಗುಳಿಗೆ ಸರಿ, ನೀರು ಕುದಿಸಿ ಕೊಟ್ಟರಾಯಿತು. ಉಣ್ಣುವ ಪಾಳಿಯನ್ನು ಬದಲಿಸುವುದು ಹೇಗೆ? ಗಂಡಸರಿಗಿಂತ ಮೊದಲು, ಅತ್ತೆಗಿಂತ ಮೊದಲು ಉಣ್ಣು ಅಂದರೆ ಸಪ್ನಾ ತುತ್ತು ನುಂಗುವುದಿಲ್ಲ. ಬೇರೆ ಮನೆಗಳ ಸೊಸೆಯಂದಿರಂತೂ ಕೇಳಲೇಬೇಡಿ. ಎರಡು ದಿನ ಯೋಚಿಸುತ್ತ ರೊಟ್ಟಿ ಸೀಯಿಸಿದಳು ಹಾಲವ್ವ. ಮೂರನೆಯ ದಿನ ಹಂಚಿನ ಮುಂದೆ ಕೂತಲ್ಲೇ ತೊಡೆ ತಟ್ಟಿಕೊಂಡು ಎದ್ದವಳು ನೇರ ಚನ್ನಬಸಯ್ಯನವರ ಮನೆಗೆ ಹೋದಳು. ಚನ್ನಬಸಯ್ಯ ಗಲ್ಲಿಯ ಅಯ್ಯನವರು. ತೊಟ್ಟಿಲಿಗೂ ಮದುವೆಗೂ ಮುಹೂರ್ತ ಇಡುವವರು, ಉಳಿದ ಹೊತ್ತು ಒಂದು ಗೋದಾಮಿನಲ್ಲಿ ಚೀಟಿ ಬರೆಯುವವರು.

"ಅಯ್ಯನೋರೇ, ಕುಬಸದ ದಿನ ಮದ್ಲ ಉಣ್ಣೋರು ಯಾರು?"

ಬಸುರಿಗೆ ಏಳನೆಯ ತಿಂಗಳಲ್ಲಿ ಹಸಿರು ಸೀರೆ ಉಡಿಸಿ, ರವಿಕೆಯ ಬಟ್ಟೆಯಾದ ಕುಬಸದ ಕಣ ಕೊಟ್ಟು ಮಾಡುವ ಹಬ್ಬವೇ ಕುಬಸ. ಅವತ್ತು ಓಣಿಯ ಹೆಂಗಸರೆಲ್ಲ ಬಗೆಬಗೆಯ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಬಸುರಿ ಉಂಡು ಏಳುವ ತನಕ ಮನೆಯ ಯಜಮಾನನೂ ತಾಟಿಗೆ ಕೈ ಹಚ್ಚುವಂತಿಲ್ಲ. ಊರಿನ ಕಟ್ಟಳೆ ಅದು.

"ಬಸುರಿನೇ. ಅದನ್ನೇನು ಕೇಳ್ತಿ?"

"ಕುಬಸ ಒಂದೇ ದಿನ ಮಾಡಬೇಕಂತ ಎಲ್ಲ್ಯರ ಬರದಾರೇನ್ರಿ?"

ಚನ್ನಬಸಯ್ಯ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಕಳ್ಳ ಕುಬಸ ಅಂತ ಅದ, ಮೂರರಾಗ ಸುದ್ದಿ ಮಾಡದಂಗ ಮಾಡ್ತಾರ. ದೊಡ್ಡ ಕುಬಸ ಅದ. ಒಂದೇ ಮಾಡ್ರಿ ಅಂತ... ಶಾಸ್ತ್ರದಾಗ ಎಲ್ಲೂ ಕಂಡಿಲ್ಲ."

"ಮುಗೀತು! ಹಂಗಾದ್ರ ನಮ್ಮ ಗಲ್ಲ್ಯಾಗ ಇವತ್ತಿನಿಂದ ದಿನಾ ಕುಬಸ. ಹಡಿಯೋ ತನಕ. ನೀವೇ ಅಪ್ಪಣಿ ಕೊಟ್ಟೀರಿ ಅಂತ ಹೇಳ್ತೀನಿ." ಅವರು ಬಾಯಿ ತೆರೆಯುವುದರೊಳಗೆ ಹಾಲವ್ವ ಗಲ್ಲಿಯಲ್ಲಿದ್ದಳು.

ಕಟ್ಟೆಯ ಮೇಲೆ ನಿಂತು ಹೆಂಗಸರನ್ನು ಕರೆದಳು. ಬೈಗುಳ ಕೇಳಲು ಸಿದ್ಧರಾಗಿ ಬಂದವರಿಗೆ ಬೇರೆಯೇ ಕೇಳಿಸಿತು. "ಮೊನ್ನಿ ನನ್ನ ಸೊಸೀ ರಕ್ತ ಕಮ್ಮಿ ಬಂತಂತ ನೀವು ನಕ್ಕೀರಿ. ನಗ್ರಿ, ತಪ್ಪು ನಂದೇ. ನಾನೇ ಆಕೀಗೆ ಅದು ಬ್ಯಾಡ ಇದು ಬ್ಯಾಡ ಅಂದೆ, ನಾನೇ ಕಡೀಕ ಉಣ್ಣಾಕ ಕಲಿಸ್ದೆ. ಖರೆ, ನಿಮ್ಮ ಮನ್ಯಾಗೂ ಅದೇ ನಡದದ. ನಮ್ಮೂರಾಗೂ ಅದೇ. ನಮ್ಮಕ್ಕ ಹಂಗೇ ಹೋದಳು. ಇನ್ನ ಯಾರ್ನೂ ನಾ ಕಳಿಸಂಗಿಲ್ಲ."

ಗಲ್ಲಿಯಲ್ಲಿ ಆಕೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡವಳೇ ಮೊದಲು ಕೈ ಎತ್ತಿ, "ನಾಳೆ ನಮ್ಮ ಮನಿ ಬುತ್ತಿ" ಅಂದಳು.

ಹನ್ನೊಂದು ಮನೆ ಸೇರಿದವು. ದಿನಕ್ಕೊಂದು ಮನೆಯ ಪಾಳಿ. ಸಂಜೆ ಎಲ್ಲರೂ ಕೆಲಸದಿಂದ ಬಂದ ಮೇಲೆ ಹಾಲವ್ವನ ಕಟ್ಟೆಯಲ್ಲಿ ಮೂವರು ಬಸುರಿಯರು ಸಾಲಾಗಿ ಕೂರಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನುಗ್ಗೆ ಇಲ್ಲವೆ ಮೆಂತೆ ಸೊಪ್ಪು, ಮಡಿಕೆ ಕಾಳು, ಗುರೆಳ್ಳು ಹಿಂಡಿ, ಒಂದು ಹೋಳು ಲಿಂಬೆ, ಬೆಲ್ಲ. ತತ್ತಿ ತಿನ್ನುವವರಿಗೆ ತತ್ತಿ. ಅವರು ಉಂಡು ಏಳುವ ತನಕ ಯಾವ ಮನೆಯ ಗಂಡಸಿಗೂ ತಾಟು ಇಲ್ಲ. ಕುಬಸ ಅಂದರೆ ಕುಬಸ! ಮೊದಲ ದಿನ ರಾಮಪ್ಪ ಡ್ಯೂಟಿ ಮುಗಿಸಿ ಹಸಿದು ಬಂದವನು, "ಇದೇನ ಹಚ್ಚೀದಿ?" ಎಂದು ಗೊಣಗಿದ. "ಅಯ್ಯನೋರ ಅಪ್ಪಣಿ. ಮುರೀತಿಯೇನು?" ಅಂದಳು ಹಾಲವ್ವ. ರಾಮಪ್ಪ ಚನ್ನಬಸಯ್ಯನವರನ್ನು ನೋಡಿದ. ಚನ್ನಬಸಯ್ಯ ಆಕಾಶ ನೋಡಿದರು. ಅವರ ಹೊಟ್ಟೆಯೂ ಚುರುಗುಡುತ್ತಿತ್ತು.

ಬೆಳಗಿನ ಬುಟ್ಟಿಗೂ ಹೊಸ ಕಾಯಿದೆ ಬಂತು. ಮೊದಲು ಬೇಯುವ ರೊಟ್ಟಿಗಳು ಸಪ್ನಾಳ ಬುತ್ತಿಗೆ, ಆಮೇಲೆ ಕೂಲಿಗಳಿಗೆ. ದಾದರಿನ ಮನೆಯೊಡತಿ ಚಾ ಬಿಸ್ಕೀಟು ಕೊಟ್ಟರೆ ಬೇಡ ಅಂದು ಬುತ್ತಿ ಬಿಚ್ಚಬೇಕು.

ಆರನೆಯ ತಿಂಗಳಲ್ಲಿ ಸಪ್ನಾಳ ರಕ್ತ ಎಂಟು ಪಾಯಿಂಟ್ ಮೂರು. ಅವತ್ತು ಹಾಲವ್ವ ಗಲ್ಲಿಗೆಲ್ಲ ಬೆಲ್ಲ ಹಂಚಿದಳು, ಪರೀಕ್ಷೆ ಪಾಸಾದವಳು ತಾನೇ ಎಂಬಂತೆ.

ಏಳರಲ್ಲಿ ದೊಡ್ಡ ಕುಬಸಕ್ಕೆ ಊರಿಂದ ಬೀಗತಿ ದಾನವ್ವ ಬಂದಳು. ಸಪ್ನಾಳ ತಾಯಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಕುಬಸ ಮುಗಿಸಿ ಮಗಳನ್ನು ಕರೆದೊಯ್ಯುತ್ತೇನೆ ಅಂತ ಬಂದವಳು ಕಟ್ಟೆಯ ಮೇಲಿನ ಸಾಲು ಕಂಡು ಹೌಹಾರಿದಳು. ಮಗಳ ಬಾಯಲ್ಲಿ ಎಳ್ಳಿನ ರೊಟ್ಟಿ!

"ಏನವಾ ಬೀಗತಿ, ನನ್ನ ಮಗಳ ಬಸುರು ಇಳಸಬೇಕಂತ ಮಾಡೀಯೇನು?"

"ಎಳ್ಳಿನಿಂದ ಇಳಿಯೋ ಹಂಗಿದ್ರ ಸಂಕ್ರಮಣಕ್ಕ ನಮ್ಮ ಜಿಲ್ಲಾದಾಗ ಒಂದು ಕೂಸೂ ಉಳೀತಿರಲಿಲ್ಲ," ಅಂದಳು ಹಾಲವ್ವ. ಆದರೆ ತಕ್ಷಣವೇ ದನಿ ಇಳಿಸಿ ದಾನವ್ವನ ಕೈ ಹಿಡಿದಳು. ಏಳು ಪಾಯಿಂಟ್ ನಾಲ್ಕರಿಂದ ಹಿಡಿದು ಎಲ್ಲ ಹೇಳಿದಳು, ತನ್ನ ತಪ್ಪನ್ನೂ ಹೇಳಿದಳು. "ನಾನೂ ನೀನೂ ಒಂದೇ ಊರಿನ ನೀರು ಕುಡದೀವಿ ಬೀಗತಿ. ನಮಗ ಕಲಿಸಿದ್ದನ್ನೇ ಕಲಿಸೀವಿ. ರಕ್ತ ಇನ್ನೂ ಒಂಬತ್ತೂ ದಾಟಿಲ್ಲ. ರೈಲಿನಾಗ ಕಳಿಸ್ಬ್ಯಾಡ್ರಿ, ಹೆರಗಿ ದೊಡ್ಡ ದವಾಖಾನ್ಯಾಗೇ ಆಗ್ಲಿ ಅಂತ ಡಾಕ್ಟರಮ್ಮ ಹೇಳ್ಯಾಳ. ಮಗಳು ನಿಂದು. ನೀ ಹೆಂಗಂತಿ ಹಂಗ."

ದಾನವ್ವ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ಸಂಜೆ ಮಗಳು ಒಂದೂವರೆ ಸಜ್ಜೆ ರೊಟ್ಟಿ ತಿಂದು ಇನ್ನರ್ಧ ಕೇಳಿದ್ದನ್ನೂ, ಅಳಿಯ ಶರಣು ಬಾಗಿಲಲ್ಲಿ ಹಸಿದು ನಿಂತು ನಗುತ್ತಿದ್ದುದನ್ನೂ ಕಂಡಳು. ಹುಡುಗಿಯ ತುಟಿಗೆ ಬಣ್ಣ ಬಂದಿತ್ತು. ದಾನವ್ವ ಎದ್ದು ಹೋಗಿ ಆ ಅರ್ಧ ರೊಟ್ಟಿಯನ್ನು ತಾನೇ ಹಾಕಿದಳು. ಹೆರಿಗೆ ಮುಂಬೈಯಲ್ಲೇ ಆಗಲಿ, ಹೊತ್ತಿಗೆ ನಾನೇ ಬರುತ್ತೇನೆ ಅಂದಳು.

ಊರಿಗೆ ಹೋದ ಹದಿನೈದು ದಿನಕ್ಕೆ ಅವಳ ಫೋನು ಬಂತು. "ಬೀಗತಿ, ನಮ್ಮ ಓಣ್ಯಾಗ ಆರು ಮಂದಿ ಬಸುರ್ಯಾರ. ನನ್ನ ಹಿರೀ ಸೊಸೀನೂ ಒಬ್ಬಾಕಿ. ಅಂಗನವಾಡಿ ಟೀಚರ್‌ನ ಜೋಡಿ ಮಾಡ್ಕೊಂಡು ದಿನದ ಕುಬಸ ಹಚ್ಚೀನಿ. ಗಂಡಸರು ಕುಂಯ್ ಅಂದ್ರ, ಮುಂಬೈ ಅಯ್ಯನೋರ ಅಪ್ಪಣಿ ಅಂತೀನಿ!" ಹಾಲವ್ವ ಆ ಫೋನನ್ನು ಸ್ಪೀಕರಿಗೆ ಹಾಕಿ ಗಲ್ಲಿಗೆಲ್ಲ ಕೇಳಿಸಿದಳು. ತಾನು ಬಿಟ್ಟುಬಂದ ಊರಿಗೆ ಇಪ್ಪತ್ತೆಂಟು ವರ್ಷದ ಮೇಲೆ ಏನೋ ಒಂದು ಕಳಿಸಿದೆನಲ್ಲ ಅಂತ ಆಕೆಗೆ ಹೆಮ್ಮೆಯೋ ಹೆಮ್ಮೆ. ಚನ್ನಬಸಯ್ಯನವರಿಗೂ ಅಷ್ಟೇ, ಅವರು ಅವತ್ತಿನಿಂದ ಹಸಿವಿನ ಮಾತೆತ್ತಲಿಲ್ಲ.

ಎಂಟರಲ್ಲಿ ಒಂಬತ್ತೂವರೆ. ಒಂಬತ್ತರಲ್ಲಿ ಹತ್ತು ಪಾಯಿಂಟ್ ಆರು.

ಹೆರಿಗೆಯ ದಿನ ದೊಡ್ಡ ದವಾಖಾನೆಯ ಬಾಗಿಲಲ್ಲಿ ಹಾಲವ್ವ, ದಾನವ್ವ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನ ಎರಡಕ್ಕೆ ಹೆಣ್ಣು ಕೂಸು ಹುಟ್ಟಿತು ಅಂದರು. ಆಮೇಲೆ ಒಂದು ತಾಸು ಯಾರೂ ಹೊರಗೆ ಬರಲಿಲ್ಲ. ಒಬ್ಬ ನರ್ಸು ಓಡುತ್ತ ಒಳಗೆ ಹೋದಳು, ಇನ್ನೊಬ್ಬಳು ಓಡುತ್ತ ಹೊರಗೆ ಬಂದಳು. ಹಾಲವ್ವನ ಕಣ್ಣ ಮುಂದೆ ಅಕ್ಕನ ಕೌದಿ ಬಂದು ನಿಂತಿತು. ದಾನವ್ವನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬಳೆಯೊಂದು ಒಡೆಯಿತು.

ಡಾಕ್ಟರಮ್ಮ ಬೆವರು ಒರೆಸಿಕೊಳ್ಳುತ್ತ ಬಂದರು. "ರಕ್ತ ಸ್ವಲ್ಪ ಜಾಸ್ತಿ ಹೋಯ್ತು. ನಿಲ್ಲಿಸಿದ್ದೀವಿ. ಹುಡುಗಿ ತಡ್ಕೊಂಡ್ಳು, ಹುಷಾರಾಗಿದ್ದಾಳೆ. ಮೊದಲಿನ ಹಾಗೆ ಏಳರಲ್ಲೇ ಇದ್ದಿದ್ರೆ..." ಅವರು ಮುಂದೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗಲ್ಲಿಯನ್ನು ನಡುಗಿಸುವ ಹಾಲವ್ವ ಬೀಗತಿಯ ಹೆಗಲಿಗೆ ಬಿದ್ದು ಗಳಗಳ ಅತ್ತಳು.

ತೊಟ್ಟಿಲ ದಿನ ವೈಶಾಲಿ ಡಬ್ಬಿ ಹಿಡಿದು ಬಂದಳು, ಬಾಣಂತಿಯ ರಕ್ತ ನೋಡಲು. ಬಾಣಂತಿಗೆ ಬರೀ ಅನ್ನ, ನೀರು ಗುಟುಕಷ್ಟೇ ಎಂಬ ಊರಿನ ಪಥ್ಯವನ್ನು ಈ ಸಲ ದಾನವ್ವನೇ ಮುರಿದು, ಮಗಳ ಮುಂದೆ ತುಂಬಿದ ತಾಟು ಇಟ್ಟಿದ್ದಳು. ಗಲ್ಲಿಯೆಲ್ಲ ಕಟ್ಟೆಯ ಸುತ್ತ ನೆರೆದಿತ್ತು. ಸಪ್ನಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ತಾಟು ಮುಟ್ಟದೆ ಕೂತಳು.

"ಉಣ್ಣಬೇ, ಆರಿ ಹೋಗ್ತದ," ಅಂದಳು ಹಾಲವ್ವ.

"ಮದ್ಲ ನೀವು ಬೆರಳು ಕೊಡ್ರಿ ಅತ್ತಿ."

"ನಂದ್ಯಾಕ? ನಾನೇನು..."

"ಹಡದೀರಿ. ಉಸುಕು ಹೊತ್ತೀರಿ. ದಿನಾ ನೂರಾ ಇಪ್ಪತ್ತು ರೊಟ್ಟಿ ಬಡೀತೀರಿ, ಇವತ್ತಿಗೂ ಕಡೀಕೇ ಉಣ್ತೀರಿ." ಮನೆಗೆ ಬಂದ ಎರಡು ವರ್ಷದಲ್ಲಿ ಸೊಸೆ ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಅವತ್ತೇ ಕೇಳಿದ್ನಲ್ಲರಿ, ನಿಮ್ಮಕಿಂತ ಮದ್ಲ ನಾ ಹೆಂಗ ಉಣ್ಲಿ ಅಂತ. ಇನ್ನೂ ನೀವು ಜವಾಬು ಕೊಟ್ಟಿಲ್ಲ."

ಹಾಲವ್ವ ಸುತ್ತ ನೋಡಿದಳು. ಎಲ್ಲರೂ ಆಕೆಯ ಕೈಯನ್ನೇ ನೋಡುತ್ತಿದ್ದರು. ಬಿಸಿ ಹಂಚಿಗೆ ಹೆದರದ ಬೆರಳನ್ನು ಕಣ್ಣು ಮುಚ್ಚಿ ಸೂಜಿಗೆ ಒಡ್ಡಿದಳು. ವೈಶಾಲಿ ಅಂಕಿ ಓದಿದಳು: "ಎಂಟು ಪಾಯಿಂಟ್ ಒಂದು, ಮಾವಶಿ."

ಯಾರೂ ನಗಲಿಲ್ಲ. ಚನ್ನಬಸಯ್ಯ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಕುಬಸ ಬಸುರಿಗೇ ಮಾಡಬೇಕಂತ... ಶಾಸ್ತ್ರದಾಗ ಎಲ್ಲೂ ಕಂಡಿಲ್ಲ."

ಆಗ ನಕ್ಕರು ನೋಡಿ, ಪಕ್ಕದಲ್ಲಿ ಹೋಗುತ್ತಿದ್ದ ಲೋಕಲ್ಲಿನ ಸಪ್ಪಳವೂ ಕೇಳದ ಹಾಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಕಟ್ಟೆಯ ಮೇಲೆ ಇಬ್ಬರಿಗೂ ಒಂದೇ ಕಾಲ ಬಂತು. ಹೆಂಗಸರು ಎಳೆದಾಡಿ ಹಾಲವ್ವನನ್ನು ಸೊಸೆಯ ಪಕ್ಕ ಕೂಡಿಸಿದರು. ರಾಮಪ್ಪ ಒಳಗೆ ಹೋಗಿ, ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಮೊದಲ ಸಲ, ಹೆಂಡತಿಗೆ ತಾಟು ಹಚ್ಚಿಕೊಂಡು ಬಂದ. ಸಜ್ಜೆ ರೊಟ್ಟಿ, ನುಗ್ಗೆ ಪಲ್ಯ, ಒಂದು ಹೋಳು ಲಿಂಬೆ. ಇಟ್ಟವನು ಎರಡು ಹೆಜ್ಜೆ ಹಿಂದೆ ಸರಿದು ಮಿಕ್ಕ ಗಂಡಸರ ಸಾಲಿನಲ್ಲಿ ಕೈಕಟ್ಟಿ ನಿಂತ. ಹಾಲವ್ವ ಏಳುವ ತನಕ ಅವರಾರಿಗೂ ಊಟವಿಲ್ಲ.

ಹಾಲವ್ವ ರೊಟ್ಟಿ ಮುರಿದಳು. ಸಪ್ನಾಳೂ ಮುರಿದಳು. ಅಷ್ಟು ಜನರ ಎದುರು, ಎಲ್ಲರಿಗಿಂತ ಮೊದಲು ತುತ್ತು ಬಾಯಿಗಿಟ್ಟು ಹಾಲವ್ವನಿಗೆ ಅಭ್ಯಾಸವೇ ಇರಲಿಲ್ಲ; ಕಣ್ಣು ತುಂಬಿ ಬಂದವು. ಮೂಗೊರೆಸಿಕೊಂಡು, ಗಲ್ಲಿಗೆಲ್ಲ ಕೇಳುವ ಹಾಗೆ ಅಂದಳು:

"ಯಾರು ಮಾಡೀರಿ ಈ ಪಲ್ಯ? ಉಪ್ಪು ಕಮ್ಮಿ ಆಗ್ಯಾದ."

ಅಂದು, ತಾಟಿನಲ್ಲಿದ್ದದ್ದನ್ನು ಒಂದು ಚೂರೂ ಬಿಡದೆ ಉಂಡಳು.